ದಾರವಿಲ್ಲದ ಹೊಲಿಗೆ

"ಗುರುಗಳೇ, ನನ್ನ ಧೈರ್ಯ ಎಲ್ಲಿ ಹೋಯಿತು?" ಎಂದು ಕೊಟ್ರೇಶ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಎಲ್ಲಿ ಬೀಳಿಸಿಕೊಂಡೆ?" ಎಂದರು.

"ತಮಾಷೆಯಲ್ಲ ಗುರುಗಳೇ. ಹುಡುಗನಾಗಿದ್ದಾಗ ನನ್ನದೊಂದು ಸೈಕಲ್ ಇತ್ತು. ಅದರ ಮೇಲೆ ಕೂತರೆ ಯಮನ ಹೆದರಿಕೆಯೂ ಇರಲಿಲ್ಲ. ಕೆರೆ ಏರಿಯ ಮೇಲೆ ಎರಡೂ ಕೈ ಬಿಟ್ಟು ಹೊಡೆಯುತ್ತಿದ್ದೆ. ಬ್ರೇಕ್ ಹಿಡಿಯುತ್ತಿರಲಿಲ್ಲ, ಚಪ್ಪಲಿಯನ್ನೇ ಗಾಲಿಗೆ ಒತ್ತಿ ನಿಲ್ಲಿಸುತ್ತಿದ್ದೆ. ಕೇಳುವವರೇ ಇರಲಿಲ್ಲ. ನಮ್ಮಪ್ಪನಿಗಂತೂ ನಾನು ಮನೆಯಲ್ಲಿದ್ದೇನೋ ಇಲ್ಲವೋ ಎಂಬ ಪರಿವೆಯೇ ಇರಲಿಲ್ಲ. ನಾನು ಎಷ್ಟು ಹೊತ್ತಿಗೆ ಬಂದರೂ ಜಗಲಿಯ ಮೇಲೆ ಕೂತು ಲಾಟೀನಿನ ಗಾಜು ಒರೆಸುತ್ತಿರುತ್ತಿದ್ದ. ಎಂಥ ಸುಖದ ದಿನಗಳು! ಈಗ ನನ್ನ ಮಗಳು ಸೈಕಲ್ ಹತ್ತಿ ಶಾಲೆಗೆ ಹೊರಟರೆ ನನ್ನ ಕೈಕಾಲು ತಣ್ಣಗಾಗುತ್ತವೆ. ದೂರದಲ್ಲಿ ಲಾರಿಯ ಹಾರ್ನ್ ಕೇಳಿದರೂ ಎದೆ ಧಸಕ್ಕೆನ್ನುತ್ತದೆ. ತಡೆಯಲಾರದೆ ಈ ಬೆಳಿಗ್ಗೆ ಅವಳ ಸೈಕಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದೆ. ಅವಳು ಅಳುತ್ತ ನಡೆದುಹೋದಳು. ನಾನು ಇಂಥ ಪುಕ್ಕಲ ಆದದ್ದು ಯಾವಾಗ?"

ಗುರುಗಳು ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. "ಕೂತುಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ" ಎಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಒಳ್ಳೆಯ ಕೆಲಸಗಾರ, ಆದರೆ ಬಾಯಿ ಜಾಸ್ತಿ. ಅಳತೆ ಕೊಡಲು ಬಂದವರು ಅವನ ಸೈಕಲ್ ಪುರಾಣ ಕೇಳದೆ ಹೊರಗೆ ಹೋಗುವಂತಿರಲಿಲ್ಲ. ಕಾಲು ಎಟುಕದ ವಯಸ್ಸಿನಲ್ಲಿ ಒಳಪೆಡಲ್ ತುಳಿದದ್ದು, ಆಯುಧಪೂಜೆಯ ದಿನ ಗಾಲಿಗೆ ಚೆಂಡುಹೂ ಕಟ್ಟಿ ಊರೆಲ್ಲ ಸುತ್ತಿದ್ದು, ಇಳಿಜಾರಿನಲ್ಲಿ ಕೈ ಬಿಟ್ಟು ಹೊಡೆದು ಹುಲ್ಲಿನ ಬಣವೆಗೇ ನುಗ್ಗಿದ್ದು. ಅವನ ಅಪ್ಪನೂ ದರ್ಜಿಯೇ. ಉಳಿದ ಮಖಮಲ್ಲಿನ ಚೂರುಗಳನ್ನು ಜೋಡಿಸಿ, ಜಾಲರಿ ಹಚ್ಚಿ, ಮಗನ ಸೈಕಲ್ಲಿಗೆ ಸೀಟಿನ ಕವರ್ ಹೊಲಿದುಕೊಟ್ಟಿದ್ದ. ಅಂಥದ್ದು ಸುತ್ತಲಿನ ಊರುಗಳಲ್ಲಿ ಯಾರ ಸೈಕಲ್ಲಿಗೂ ಇರಲಿಲ್ಲವಂತೆ. ಇರಲಿ ಬಿಡು, ನಾವೇನು ನೋಡಿದ್ದೇವೆಯೇ?

ಕತೆಯ ಕೊನೆಗೆ ಅವನು ತಪ್ಪದೆ ಒಂದು ಮಾತು ಹೇಳುತ್ತಿದ್ದ. "ನಮ್ಮಪ್ಪ ಕಲ್ಲಿನಂಥ ಮನುಷ್ಯ. ನಾನು ಕತ್ತಲಾಗಿ ಬಂದರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಮಿಷನ್ ತುಳಿಯುತ್ತಲೇ ಇರುತ್ತಿದ್ದ." ಇದನ್ನು ಹೇಳುವಾಗ ಅವನಿಗೆ ಹೆಮ್ಮೆಯೂ ಆಗುತ್ತಿತ್ತು, ಸ್ವಲ್ಪ ನೋವೂ ಆಗುತ್ತಿತ್ತು.

ಈ ದರ್ಜಿಗೆ ಒಬ್ಬಳೇ ಮಗಳು. ಅಪ್ಪನ ಪುರಾಣ ಕೇಳಿ ಕೇಳಿ ಅವಳೂ ಸೈಕಲ್ ಬೇಕೆಂದು ಹಟ ಹಿಡಿದಳು. ಹೊಗಳಿ ಹೊಗಳಿ ಹುಚ್ಚು ಹಿಡಿಸಿದವನೇ ಇವನು, ಇಲ್ಲವೆನ್ನುವುದು ಹೇಗೆ? ತಂದುಕೊಟ್ಟ. ಕೊಟ್ಟ ಗಳಿಗೆಯಿಂದ ಅವನ ನೆಮ್ಮದಿ ಹಾರಿಹೋಯಿತು.

ಒಂದು ದಿನ ಹುಡುಗಿ ಪಕ್ಕದ ಊರಿನ ಗೆಳತಿಯ ಮನೆಗೆ ಸೈಕಲ್ ಮೇಲೆ ಹೋದಳು. ದೀಪ ಹಚ್ಚುವುದರೊಳಗೆ ಬರುತ್ತೇನೆ ಎಂದಿದ್ದಳು. ದೀಪ ಹಚ್ಚಿಯಾಯಿತು, ಹುಡುಗಿ ಬರಲಿಲ್ಲ. ದರ್ಜಿ ಬೀದಿಗೆ ಬಂದ, ಒಳಗೆ ಹೋದ, ಮತ್ತೆ ಬೀದಿಗೆ ಬಂದ. ಅಷ್ಟರಲ್ಲಿ ದಾರಿಹೋಕನೊಬ್ಬ, "ಸೇತುವೆ ಹತ್ತಿರ ಏನೋ ಆಗಿದೆಯಂತೆ, ಜನ ಸೇರಿದ್ದಾರೆ" ಎಂದು ಹೇಳುತ್ತ ಹೋದ. ಏನಾಗಿದೆ ಎಂದು ಇವನು ಕೂಗಿದ. ಆ ಪುಣ್ಯಾತ್ಮ ತಿರುಗಿ ನೋಡಲಿಲ್ಲ.

ದರ್ಜಿ ಹೊರಟೇಬಿಟ್ಟ. ಅವನ ಮುದಿ ತಾಯಿ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ ಹೋಗುತ್ತೀ? ಆ ಊರಿಗೆ ಸೇತುವೆಯ ದಾರಿಯೂ ಇದೆ, ಕಾಲುವೆಯ ದಾರಿಯೂ ಇದೆ. ನೀನು ಒಂದರಲ್ಲಿ ಹೋದರೆ ಅವಳು ಇನ್ನೊಂದರಲ್ಲಿ ಬರುತ್ತಾಳೆ. ಆಮೇಲೆ ನಿನ್ನನ್ನು ಹುಡುಕುವವರು ಯಾರು? ಪಕ್ಕದ ಮನೆಯವನನ್ನು ಸೇತುವೆ ಕಡೆ ಓಡಿಸಿದ್ದೇನೆ. ನೀನು ಕೂತುಕೋ."

ಅವನು ಕೂತ. ಎಲ್ಲಿ ಕೂರಬೇಕು? ಮಿಷನ್ ಮುಂದೆಯೇ ಕೂತ. ಯಾರದೋ ಅಂಗಿ ಅರ್ಧಕ್ಕೆ ನಿಂತಿತ್ತು. ಅದನ್ನು ಸೂಜಿಯ ಕೆಳಗೆ ಎಳೆದುಕೊಂಡು ತುಳಿಯತೊಡಗಿದ. ತುಳಿಯುತ್ತ ಮನಸ್ಸಿನಲ್ಲೇ ಆಣೆ ಮಾಡಿದ. 'ದೇವರೇ, ಇದೊಂದು ಸಲ ಅವಳನ್ನು ಮನೆಗೆ ತಲುಪಿಸು. ನಾಳೆಯೇ ಆ ಹಾಳು ಸೈಕಲ್ಲನ್ನು ಗುಜರಿಗೆ ಹಾಕುತ್ತೇನೆ.' ಬೀದಿಯಲ್ಲಿ ಏನು ಸದ್ದಾದರೂ ಅವನ ಕಾಲು ನಿಲ್ಲುತ್ತಿತ್ತು. ಅವಳಲ್ಲವೆಂದು ತಿಳಿದರೆ ಮತ್ತೆ ತುಳಿಯುತ್ತಿದ್ದ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿ ಮೊರದಲ್ಲಿದ್ದ ಹುಳುಕು ಕಾಳೊಂದನ್ನು ಆರಿಸಿ ಎಸೆದರು.

"ಹುಡುಗಿ ಬಂದಳೋ ಇಲ್ಲವೋ?" ಎಂದ ಕೊಟ್ರೇಶ. ಅವನ ಕೈ ಆಗಲೇ ನಿಂತಿತ್ತು.

"ಕಾಯಿ ಸುಲಿಯಪ್ಪ" ಎಂದು ಗುರುಗಳು ಮುಂದುವರಿಸಿದರು.

ತಾಯಿ ಬಂದು ಮಗನ ಪಕ್ಕದಲ್ಲಿ ನಿಂತಳು. ಅವನು ಹೊಲಿದಿದ್ದ ಅಂಗಿಯನ್ನು ಎತ್ತಿದಳು. ತೋಳು ಕಳಚಿ ಅವಳ ಕೈಗೇ ಬಂತು. ಕೆಳಗಿನ ಬಾಬಿನ್‌ನಲ್ಲಿ ದಾರ ಯಾವಾಗಲೋ ಮುಗಿದುಹೋಗಿತ್ತು. ಸೂಜಿ ಬಟ್ಟೆಗೆ ತೂತು ಹಾಕುತ್ತ ಹೋಗಿತ್ತೇ ಹೊರತು ಹೊಲಿಗೆ ಬಿದ್ದಿರಲಿಲ್ಲ. ಹುಟ್ಟಿದಾಗಿನಿಂದ ಮಿಷನ್ ಸದ್ದಿನಲ್ಲೇ ಬೆಳೆದವನಿಗೆ ಅದು ಗೊತ್ತಾಗಿರಲಿಲ್ಲ.

ಮುದುಕಿ ಬೈಯಲಿಲ್ಲ. ಆ ತೋಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. "ನಿಮ್ಮಪ್ಪನೂ ಹೀಗೇ ಹೊಲಿಯುತ್ತಿದ್ದ" ಎಂದಳು.

"ಯಾವಾಗ?"

"ನೀನು ಸೈಕಲ್ ಹತ್ತಿ ಹೋದ ಸಂಜೆಗಳಲ್ಲಿ. ಕಾಲರ್ ಸೊಟ್ಟ, ಜೇಬು ತಲೆಕೆಳಗು, ದಾರ ಇದೆಯೋ ಇಲ್ಲವೋ ನೋಡುತ್ತಲೇ ಇರಲಿಲ್ಲ. ನಿನ್ನ ಗಂಟೆಯ ಸದ್ದು ಕೇಳಿದರೆ ಸಾಕು, ತಲೆ ಬಗ್ಗಿಸಿಬಿಡುತ್ತಿದ್ದ. ನೀನು ಉಂಡು ಮಲಗಿದ ಮೇಲೆ ಅದನ್ನೆಲ್ಲ ನಾನು ಬಿಚ್ಚುತ್ತಿದ್ದೆ."

"ಅವ್ವಾ, ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಕೈ ಬಿಟ್ಟು ಸೈಕಲ್ ಹೊಡೆಯುತ್ತಿದ್ದೆಯಾ?"

ಆಗ ಬೀದಿಯ ತುದಿಯಲ್ಲಿ ಸೈಕಲ್ ಗಂಟೆ ಕೇಳಿಸಿತು. ದರ್ಜಿ ಎದ್ದ. ಬಾಗಿಲಿಗೆ ಓಡಬೇಕು, ಕೆನ್ನೆಗೆರಡು ಬಾರಿಸಬೇಕು, ಆಮೇಲೆ ತಬ್ಬಿಕೊಂಡು ಅಳಬೇಕು ಎಂದು ಅವನಿಗೆ ಅನ್ನಿಸಿತು. ತಾಯಿಯ ಮುಖ ನೋಡಿದ. ಮತ್ತೆ ಕೂತ. ತೋಳಿಲ್ಲದ ಅಂಗಿಯನ್ನೇ ಸೂಜಿಯ ಕೆಳಗೆ ತಳ್ಳಿ ತಲೆ ಬಗ್ಗಿಸಿದ.

ಹುಡುಗಿ ಒಳಗೆ ಬಂದಳು. ಮೊಣಕಾಲು ತರಚಿತ್ತು, ಕೈತುಂಬ ಕರಿ ಗ್ರೀಸು. "ಅಪ್ಪಾ, ಸೇತುವೆಯ ಮೇಲೆ ಕಲ್ಲಂಗಡಿ ಲಾರಿ ಮಗುಚಿಬಿಟ್ಟಿದೆ! ಅದಕ್ಕೇ ಕಾಲುವೆ ದಾರಿಯಲ್ಲಿ ಬಂದೆ. ಅಲ್ಲಿ ಚೈನ್ ಕಳಚಿ ಬಿದ್ದೆ. ಯಾರೂ ಇರಲಿಲ್ಲ. ನಾನೇ ಹಾಕಿಕೊಂಡೆ, ಗೊತ್ತಾ?"

"ಕೈ ತೊಳೆದುಕೋ ಹೋಗು. ಬಟ್ಟೆಗೆ ಮಸಿ ಹತ್ತೀತು" ಎಂದ ದರ್ಜಿ. ತಲೆ ಎತ್ತಿದ್ದರೆ ಅವನ ಕಣ್ಣು ಅವಳಿಗೆ ಕಾಣುತ್ತಿತ್ತು. ಅವನು ಎತ್ತಲಿಲ್ಲ.

ಹುಡುಗಿ ಕೈ ತೊಳೆಯಲು ಹಿತ್ತಲಿಗೆ ಹೋದಳು. ಸೈಕಲ್ಲನ್ನು ಗುಜರಿಗೆ ಹಾಕುವ ಮಾತು ಅವಳಿಗೆ ಎಂದೂ ತಿಳಿಯಲಿಲ್ಲ. ಮಾರನೆಯ ದಿನ ಅವಳು ಗೆಳತಿಯರಿಗೆ ಹೇಳಿದಳಂತೆ: "ನಮ್ಮಪ್ಪನಿಗೆ ಹೆದರಿಕೆ ಅಂದರೇನು ಅಂತಲೇ ಗೊತ್ತಿಲ್ಲ ಕಣ್ರೇ. ಸುಮ್ಮನೆ ಮಿಷನ್ ತುಳಿಯುತ್ತಾ ಕೂತಿದ್ದ."

ಕತೆ ಮುಗಿಯಿತು. ಕೊಟ್ರೇಶ ಜೇಬಿನಿಂದ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಆ ದರ್ಜಿ ಪುಣ್ಯವಂತ ಬಿಡಿ. ಅವನಿಗಾಗಿ ಹೆದರುವ ಅಪ್ಪ ಇದ್ದ" ಎಂದ. "ನಮ್ಮಪ್ಪ ಅಂಥವನಲ್ಲ ಗುರುಗಳೇ. ನಿಜವಾಗಿಯೂ ಅವನಿಗೆ ನನ್ನ ಚಿಂತೆಯೇ ಇರಲಿಲ್ಲ."

ಗುರುಗಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಮೊದಲ ಸಲ ಅವನ ಮುಖ ನೋಡಿ ಕೇಳಿದರು:

"ಒಂದು ಲಾಟೀನಿನ ಗಾಜು ಒರೆಸಲು ಎಷ್ಟು ಹೊತ್ತು ಬೇಕಪ್ಪ, ಕೊಟ್ರೇಶ?"