ಪ್ರಿನ್ಸಿಪಾಲರ ಹೆಸರಲ್ಲಿ ಓಡಿದ ಸರ್ವರ್

“ಮತ್ತೆ ಬಂದಿರಾ ಸರ್? ಕೆಲಸ ಮಾಡೋಕೆ ಬಿಟ್ಟರೆ ತಾನೇ?” ಎಂದು ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವ ನಾಗವೇಣಿ ಪ್ರಿನ್ಸಿಪಾಲರನ್ನು ಕೇಳಿದಳು.

ನಾಳೆಯೇ ಪರೀಕ್ಷೆ. ಹಾಲ್ ಟಿಕೆಟ್ ಕೊಡುವ ಪ್ರೋಗ್ರಾಂ ಭಾಗ, ಅಂದರೆ ಮಾಡ್ಯೂಲ್, ಸರ್ವರಿನಲ್ಲಿ ಲೋಡ್ ಆಗುತ್ತಿರಲಿಲ್ಲ.

“ನಿಮ್ಮನ್ನು ಬಿಟ್ಟು ಯಾರೂ ಆ ಮಾಡ್ಯೂಲಿನ ಫೈಲ್ ತೆರೆಯಬಾರದು ಅಂತ ಅದಕ್ಕೆ ಬೀಗ ಹಾಕಿಸಿದಿರಿ. ಸರ್ವರ್ ಕೂಡ ಹೊರಗೇ ನಿಂತಿದೆ.”

“ನನ್ನ ಆದೇಶ ಬದಲಾಗಲ್ಲ. ಮಾಡ್ಯೂಲ್ ಮಾತ್ರ ನಡೀಬೇಕು,” ಎಂದರು ಪ್ರಿನ್ಸಿಪಾಲರು.

ಫೈಲ್ ತೆರೆಯುವ ಹಕ್ಕು ಅವರ ಲಾಗಿನ್‌ಗೆ ಮಾತ್ರ ಇದ್ದುದರಿಂದ, ನಾಗವೇಣಿ ಸರ್ವರನ್ನು ಅವರ ಹೆಸರಿನಲ್ಲೇ ಓಡಿಸಿದಳು. ಹಾಲ್ ಟಿಕೆಟ್ ಬಂತು.

“ಇನ್ನು ಸರ್ವರ್ ಅಂದರೆ ನೀವೇ ಸರ್. ಅದು ನಿಂತರೆ, ಪ್ರಿನ್ಸಿಪಾಲರು ಮಲಗಿದ್ದಾರೆ ಅಂತಾರೆ ಹುಡುಗರು.”

ಅವರ ಮುಖ ಸಣ್ಣದಾಯಿತು. “ಬೇಡಮ್ಮ, ಬೀಗ ತೆಗಿ.”

ಅವಳು ನಗುತ್ತಲೇ ತೆಗೆದಳು. ಅವರು ಬಾಗಿಲ ಹತ್ತಿರ ತಿರುಗಿ ನಿಂತರು.

“ಹಾಕಿಸಿದ್ದು ನಾನು, ಸರಿ. ಹಾಕಿದವಳು ನೀನು. ಸರ್ವರ್ ಹೊರಗೆ ಉಳಿಯುತ್ತೆ ಅಂತ ಆಗ ನಿನಗೂ ಹೊಳೀಲಿಲ್ಲವೇನಮ್ಮ?”