ಬೆಲ್ಲವಿಲ್ಲದ ಗೊಜ್ಜು

ಯಜಮಾನರೇ ಇಲ್ಲದ ಆನ್‌ಲೈನ್ ಜಗಲಿಯೊಂದನ್ನು ವಿರೂಪಾಕ್ಷ ಕಟ್ಟಿದ. ಬರೆದವರಿಗೆಲ್ಲ ಡಿಜಿಟಲ್ ನಾಣ್ಯದ ಬಹುಮಾನ. ಜನ ಬಂದರು, "ಶುಭೋದಯ" ಎಂದು ಬರೆದು ನಾಣ್ಯ ಎತ್ತಿಕೊಂಡು ಹೋದರು. ಮಾತಿಗೆ ಯಾರೂ ನಿಲ್ಲಲಿಲ್ಲ.

"ನಾಳೆಯೊಳಗೆ ಇಲ್ಲಿ ಹರಟೆ ಶುರುವಾಗಬೇಕು. ಇಲ್ಲಾಂದ್ರೆ ನಿಮಗೆ ಕೆಲಸ ಇಲ್ಲ," ಎಂದು ಯಜಮಾನರಿಲ್ಲದ ಜಗಲಿಯ ಯಜಮಾನ ತನ್ನ ಗುಮಾಸ್ತೆ ಪದ್ಮಾಕ್ಷಿಯನ್ನು ಗದರಿದ.

ಆಕೆ ಜಗಲಿಯಲ್ಲಿ ಒಂದೇ ಸಾಲು ಬರೆದಳು: "ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕಲೇಬಾರದು ಅಂತ ನಮ್ಮಮ್ಮ ಹೇಳ್ತಾರೆ."

ಊರೂರಿನವರು ಮುಗಿಬಿದ್ದರು. ಬೆಲ್ಲವಿಲ್ಲದೆ ಅದೆಂಥ ಗೊಜ್ಜು ಎಂದು ಜಗಳಕ್ಕೇ ನಿಂತರು. ತಮ್ಮ ತಮ್ಮ ಅಮ್ಮಂದಿರನ್ನು ಸಾಕ್ಷಿಗೆ ಕರೆದರು. ನಾಣ್ಯ ಎತ್ತಿಕೊಳ್ಳುವುದನ್ನೇ ಮರೆತರು.

ವಿರೂಪಾಕ್ಷ ಬೆರಗಾದ. "ನಿಮ್ಮಮ್ಮ ನಿಜವಾಗಿ ಹಾಗಂತಾರಾ?"

"ಇಲ್ಲ ಸಾರ್. ಅವರ ಗೊಜ್ಜಲ್ಲಿ ಬೆಲ್ಲವೇ ಮುಂದು."

"ಹಾಗಾದ್ರೆ ಇದನ್ನ ಓದಿ ಬೈತಾರೆ ನೋಡಿ."

ಪದ್ಮಾಕ್ಷಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ತೀರಿಹೋಗಿ ಮೂರು ವರ್ಷ ಆಯ್ತು ಸಾರ್. ಒಂದು ಸಲ ಬಂದು ಬೈದ್ರೆ ಸಾಕು."