ಒಂದು ಕಡೆಯ ಮೊಳೆ

ಹೊಳೆದಂಡೆಯ ಮಠದಲ್ಲಿ ಗುರುಗಳಾದ ಅಪ್ಪಾರು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಶಿಷ್ಯ ಮುರಿಗೆಯ್ಯ ಅವರ ಕೋಣೆ ಬಿಟ್ಟು ಕದಲುತ್ತಿರಲಿಲ್ಲ.

ಮೇಲಿನೂರಿನ ಮಠಕ್ಕೆ ಹೋಗಿ ಅಲ್ಲಿನವರಿಗೆ ಪಾಠ ಹೇಳು ಎಂದು ಅಪ್ಪಾರು ಮೂರು ಸಲ ಹೇಳಿದ್ದರು. ಮೂರು ಸಲವೂ ಅವನು ಕಿವಿಗೆ ಹಾಕಿಕೊಳ್ಳದೆ ಗಂಜಿ ಕಾಯಿಸಲು ಎದ್ದು ಹೋಗಿದ್ದ. ತಾನು ತಿರುಗಿ ಬರುವಷ್ಟರಲ್ಲಿ ಗುರುಗಳು ಇರುವುದಿಲ್ಲ ಎಂಬ ಭಯ ಅವನಿಗೆ. ಗಡ್ಡ ನರೆತಿದ್ದರೂ ಆ ಭಯ ಮಾತ್ರ ತಾಯಿ ಬಿಟ್ಟುಹೋದ ಕೂಸಿನದು.

ಆ ಕೋಣೆಗೆ ಕಬ್ಬಿಣದ ಶೀಟಿನ ಚಾವಣಿ. ಆ ಪತ್ರಾಸು ಮಠದ ಕಲ್ಲುಗೋಡೆಗೆ ಆತುಕೊಂಡಿತ್ತು. ಎರಡೂ ಕೂಡುವ ಸಂದಿನಿಂದ ಮಳೆನೀರು ಇಳಿದು ಗುರುಗಳ ಕಂಬಳಿ ತೋಯುತ್ತಿತ್ತು.

ಮುರಿಗೆಯ್ಯ ಸಂದಿನುದ್ದಕ್ಕೂ ತಗಡಿನ ಪಟ್ಟಿ ಬಗ್ಗಿಸಿ ಕೂರಿಸಿದ. ಮೇಲಂಚನ್ನು ಗೋಡೆಗೆ, ಕೆಳಗಿನ ಅಂಚನ್ನು ಪತ್ರಾಸಿಗೆ, ಗೇಣಿಗೊಂದರಂತೆ ಮೊಳೆ ಹೊಡೆದ. ಸುತ್ತಿಗೆ ಹಿಡಿದು ರೂಢಿಯಿಲ್ಲದ ಕೈ. ಬೆರಳಿಗೂ ಸಾಕಷ್ಟು ಬಿತ್ತು.

ಎಂಟು ದಿನಕ್ಕೆ ಮತ್ತೆ ಸೋರಿತು. ಇನ್ನಷ್ಟು ಮೊಳೆ ಹೊಡೆದ. ಸೋರುವುದು ಇನ್ನಷ್ಟು ಹೆಚ್ಚಿತು.

"ಎಲ್ಲಿ ತಪ್ಪಿದೆನ್ರಿ ಅಪ್ಪಾರ? ಎರಡೂ ಕಡೆ ಗಟ್ಟಿಯಾಗಿ ಹಿಡಿಸೀನ್ರಿ," ಎಂದು ಅವನು ಗುರುಗಳನ್ನು ಕೇಳಿದ.

"ಬಿಸಿಲು ಬಿದ್ದಾಗ ಮ್ಯಾಲೆ ಹತ್ತು. ಪತ್ರಾಸಿಗೆ ಕಿವಿ ಕೊಡು," ಎಂದರು ಅಪ್ಪಾರು.

ಮರುದಿನ ಬಿಸಿಲಾಯಿತು. ಅವನು ಏಣಿಯ ಮೇಲೆ ನಿಂತು ಕೇಳಿದ. ಕಾದ ಪತ್ರಾಸು ಹಿಗ್ಗುತ್ತ ಟಕ್ ಟಕ್ ಎನ್ನುತ್ತಿತ್ತು. ಮೋಡ ಕವಿದಾಗ ಕುಗ್ಗುತ್ತ ಮತ್ತೆ ಟಕ್ ಎಂದಿತು. ಮೊಳೆಯ ತೂತುಗಳು ಹರಿದು ಅಗಲವಾಗಿದ್ದವು.

ಕೆಳಗಿಳಿದು ಬಂದು ಹೇಳಿದ, "ಪತ್ರಾಸು ಅಳ್ಳಾಡತೈತ್ರಿ. ಗ್ವಾಡಿ ಅಳ್ಳಾಡಂಗಿಲ್ಲ. ನಡುವ ಸಿಕ್ಕು ತಗಡು ಹರದೈತಿ."

"ಕೆಳಗಿನ ಮೊಳಿ ಎಲ್ಲಾ ಕೀಳು."

"ಕಿತ್ತರ ತಗಡು ನಿಲ್ಲತೈತೇನ್ರಿ?"

"ಗ್ವಾಡಿ ಹಿಡಕೊಳ್ಳತೈತಿ. ಗ್ವಾಡಿಯೊಳಗ ಗೀರು ಕೊರದು ಅಗಲದ ಪಟ್ಟಿ ಸಿಗಿಸು. ಪತ್ರಾಸಿನ ಮ್ಯಾಲೆ ಸುಮ್ಮನ ಹಾಸಿ ಬಿಡು."

ಮುರಿಗೆಯ್ಯನಿಗೆ ನಂಬಿಕೆ ಬರಲಿಲ್ಲ. ಆದರೂ ಹಳೆಯ ತಗಡನ್ನು ಮೊಳೆಸಮೇತ ಕಿತ್ತು, ಗೋಡೆಯಲ್ಲಿ ಉದ್ದಕ್ಕೆ ಗೀರು ಕೊರೆದು ಹೊಸ ಪಟ್ಟಿಯ ಮೇಲಂಚನ್ನು ಒಳಗೆ ಸೇರಿಸಿ ಗಾರೆ ತುಂಬಿದ. ಕೆಳಗಿನ ಅಂಚು ಹಳೆಯ ತೂತುಗಳನ್ನು ಮುಚ್ಚಿಕೊಂಡು ಪತ್ರಾಸಿನ ಮೇಲೆ ಬಿಡಿಯಾಗಿ ಮಲಗಿತು.

ಎರಡು ದಿನ ಬಿಟ್ಟು ಮಳೆ ಜಡಿಯಿತು. ಅವನು ಸಂದನ್ನೇ ನೋಡುತ್ತ ಕುಳಿತ. ಒಂದು ಹನಿಯೂ ಬೀಳಲಿಲ್ಲ.

"ಇನ್ನ ಮ್ಯಾಲಿನೂರಿಗೆ ಯಾವಾಗ ಹೊಂಟಿ?" ಅಪ್ಪಾರು ಕೇಳಿದರು.

ಮುರಿಗೆಯ್ಯ ಅವರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. "ಇಷ್ಟು ವರ್ಷ ನಿಮ್ಮನ್ನ ಹಿಡಕೊಂಡು ನಿಂತೀನ್ರಿ. ನಿಮ್ಮನ್ನ ಬಿಟ್ಟು ಏನು ಹಿಡೀಲ್ರಿ?"

ಅಪ್ಪಾರು ಅವನ ತಲೆಯನ್ನು ಮೆಲ್ಲಗೆ ಎಳೆದು ತಮ್ಮ ಎದೆಗೆ ಒತ್ತಿಕೊಂಡರು. ಒಳಗೆ ಉಸಿರು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಅವನು ಬಹಳ ಹೊತ್ತು ಕೇಳಿದ.

"ಗ್ವಾಡಿ ಇದಲ್ಲ, ತಮ್ಮಾ, ನೀ ಕಲಿತ ಪಾಠ. ಇದು ಪತ್ರಾಸು," ಎಂದರು ಅಪ್ಪಾರು. "ಇದರ ಮ್ಯಾಲೆ ಬರೇ ಕೈ ಇಡು."